ಮಕ್ಕಳ ಮನಸ್ಸು ಮತ್ತು ಭಯದ ಹೊರೆ

ಉಕ್ಕಿನ ತಂತಿಯೊಂದಕ್ಕೆ ತೂಕವನ್ನು ಕಟ್ಟಿದರೆ ಅದು ಹಿಗ್ಗುತ್ತದೆ. ತೂಕವನ್ನು ತೆಗೆದರೆ ಮೊದಲಿನಂತಾಗುತ್ತದೆ. ತೂಕವು ಮಿತಿಮೀರಿದಾಗ ಮಾತ್ರ ತಂತಿಯು ಪೂರ್ವಸ್ಥಿತಿಗೆ ಮರಳುವುದಿಲ್ಲ. ಘೋರವಾದ ಅನುಭವಕ್ಕೆ ಸಿಕ್ಕಿದ ಮಗುವಿನ ಮನಸ್ಸೂ ಹೀಗೆಯೇ, ಆಘಾತವು ಎಷ್ಟು ದೊಡ್ಡದೋ ಹಾನಿಯೂ ಅಷ್ಟೇ ಎಂದು ನಾವು ಸುಲಭವಾಗಿ ನಂಬಿಬಿಡುತ್ತೇವೆ. ಲೆಕ್ಕವು ಇಷ್ಟು ಸರಳವಲ್ಲವೆಂಬುದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನಲ್ಲಿ ತಿಳಿದುಬಂದಿತು.

1939ರ ಸೆಪ್ಟೆಂಬರ್ ತಿಂಗಳ ಮೊದಲ ಕೆಲವೇ ದಿನಗಳಲ್ಲಿ ಬ್ರಿಟಿಷ್ ಸರ್ಕಾರವು ವಿಮಾನದಾಳಿಗೆ ಅಂಜಿ ಸುಮಾರು 15 ಲಕ್ಷ ಜನರನ್ನು ನಗರಗಳಿಂದ ಹಳ್ಳಿಗಾಡಿಗೆ ಸಾಗಿಸಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಶಾಲೆಯ ಮಕ್ಕಳು. ಮರುವರ್ಷದ ಸೆಪ್ಟೆಂಬರಿನಲ್ಲಿ ಲಂಡನ್ನಿನ ಮೇಲೆ ರಾತ್ರಿರಾತ್ರಿಯೂ ಬಾಂಬುಗಳು ಬೀಳತೊಡಗಿದುವು. 1938ರಲ್ಲಿ ವಿಯೆನ್ನಾವನ್ನು ತೊರೆದು ಅಲ್ಲಿಗೆ ಬಂದಿದ್ದ ಮನಶ್ಶಾಸ್ತ್ರಜ್ಞೆ ಆನಾ ಫ್ರಾಯ್ಡ್, ಗೆಳತಿ ಡೊರೊಥಿ ಬರ್ಲಿಂಗ್‌ಹ್ಯಾಮರೊಡನೆ ಹ್ಯಾಂಪ್‌ಸ್ಟೆಡ್ಡಿನಲ್ಲಿ ಶಿಶುಗೃಹಗಳನ್ನು ನಡೆಸಿ, ಅಲ್ಲಿನ ಮಕ್ಕಳ ನಡೆನುಡಿಗಳನ್ನು ಬರೆದಿಟ್ಟರು. ಅವರು ಕಂಡುದು ಅನಿರೀಕ್ಷಿತವಾಗಿತ್ತು. ತಾಯಿಯ ಮಗ್ಗುಲಲ್ಲಿ ಮಲಗಿ ದಾಳಿಯನ್ನು ಕಳೆದ ಎಳೆಯರು, ತಾಯಿ ಧೈರ್ಯವಾಗಿದ್ದ ಪಕ್ಷದಲ್ಲಿ, ಬಹುಬೇಗ ಚೇತರಿಸಿಕೊಳ್ಳುತ್ತಿದ್ದರು. ಅವಳು ನಡುಗಿದರೆ ಅವರೂ ನಡುಗುತ್ತಿದ್ದರು. ಸುರಕ್ಷಿತವಾದ ಊರಿಗೆ ಒಂಟಿಯಾಗಿ ಹೋದವರಲ್ಲಿಯಾದರೋ ಅನೇಕರು ಹಾಸಿಗೆಯನ್ನು ಒದ್ದೆಮಾಡತೊಡಗಿದರು, ಮಂಕಾದರು. ಬಾಂಬು ನಿರಪಾಯಕರವೆಂದು ಇದರ ಅರ್ಥವಲ್ಲ. ಅಗಲಿಕೆಯ ಹೊರೆಯನ್ನು ಯಾರೂ ತೂಗಿರಲಿಲ್ಲ, ಅಷ್ಟೆ.

ಶಿಶುಗೃಹದಲ್ಲಿ ಮೊದಲು ಎಲ್ಲ ದಾದಿಯರೂ ಎಲ್ಲ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಬಳಿಕ ಮಕ್ಕಳನ್ನು ಚಿಕ್ಕಚಿಕ್ಕ ಸಂಸಾರಗಳಾಗಿ ವಿಂಗಡಿಸಿ ಒಂದೊಂದಕ್ಕೂ ಒಬ್ಬ 'ತಾಯಿ'ಯನ್ನು ಗೊತ್ತುಮಾಡಲಾಯಿತು. ಒಡನೆಯೇ ಅಳು, ಹಟ, ಹೊಟ್ಟೆಕಿಚ್ಚುಗಳು ಹೆಚ್ಚಿದುವು! ಪ್ರಯೋಗ ಕೆಟ್ಟಿತೆಂದು ನಾವಾಗಿದ್ದರೆ ಕೈಬಿಡುತ್ತಿದ್ದೆವೋ ಏನೋ. ಆದರೆ ಸ್ವಲ್ಪಕಾಲದಲ್ಲಿಯೇ ಅದೇ ಮಕ್ಕಳ ಮಾತೂ ಶುಚಿಯ ಅಭ್ಯಾಸಗಳೂ ಬೇಗಬೇಗನೆ ಬೆಳೆದುವು. (ತಂತಿಯ ಹೋಲಿಕೆ ಇಲ್ಲಿ ಸೋಲುತ್ತದೆ, ತೂಕ ಹೊತ್ತ ತಂತಿಯನ್ನು ಯಾರೂ ಎತ್ತಿ ಸಂತೈಸುವುದಿಲ್ಲ.)

ನಮ್ಮ ಮನೆಗಳಲ್ಲಿ ಸಾವು ಸಂಭವಿಸಿದಾಗ "ಅಪ್ಪ ಊರಿಗೆ ಹೋಗಿದ್ದಾರೆ" ಎಂದು ಮಗುವಿಗೆ ಹೇಳುವುದುಂಟು. ಮಗು ಸಾವಿನ ಆಟವಾಡಿದರೆ ಅಪಶಕುನವೆಂದು ಗದರುವುದೂ ಉಂಟು. ನೆರೆಯಲ್ಲಿಯೋ ಅಪಘಾತದಲ್ಲಿಯೋ ಮನೆಯವರನ್ನು ಕಳೆದುಕೊಂಡ ತಮ್ಮತಂಗಿಯರು ವಾಚಕರ ನೆರೆಮನೆಯಲ್ಲಿಯೇ ಇರಬಹುದು. ಅವರು ಕೇಳಿದ್ದನ್ನೇ ಕೇಳಿದರೆ, ಆಡಿದ್ದನ್ನೇ ಆಡಿದರೆ ತಡೆಯಬಾರದು. ನಿಜವನ್ನು ಸಣ್ಣ ಮಾತುಗಳಲ್ಲಿ, ಅವರು ನಂಬಿದವರ ಬಾಯಿಂದಲೇ ಹೇಳಿಸಬೇಕು.

ಹ್ಯಾಂಪ್‌ಸ್ಟೆಡ್ಡಿನ ನಾಲ್ಕು ವರ್ಷದ ಹುಡುಗನೊಬ್ಬನು ಯುದ್ಧದಲ್ಲಿ ತಂದೆಯನ್ನು ಕಳೆದುಕೊಂಡಿದ್ದನು, ಆದರೆ ಅದನ್ನು ಒಪ್ಪಿರಲಿಲ್ಲ. ಕಾಗದದ ಮನೆಗಳನ್ನು ಕಟ್ಟಿ ಅವುಗಳ ಮೇಲೆ ಗೋಲಿಗಳನ್ನು ಬಾಂಬಿನಂತೆ ಬೀಳಿಸುವುದೇ ಅವನ ಆಟ. ಇತರ ಮಕ್ಕಳು ಇಂತಹ ಆಟವನ್ನು ಸ್ವಲ್ಪಹೊತ್ತು ಆಡಿ ಮರೆಯುತ್ತಿದ್ದರು. ಇವನು ಬಿಡಲಾರದೆ ಮತ್ತೆ ಮತ್ತೆ ಆಡುತ್ತಿದ್ದನು. ಇವನ ಆಟದಲ್ಲಿ ಜನರೆಲ್ಲರೂ ಬದುಕುತ್ತಿದ್ದರು, ಮನೆಗಳೆಲ್ಲವೂ ದುರಸ್ತಿಯಾಗುತ್ತಿದ್ದುವು. ತಿಂಗಳುಗಳು ಕಳೆದ ಮೇಲೆ ಒಂದು ದಿನ, ತಂದೆ ಸತ್ತನೆಂದೂ ಹಿಂದಿರುಗಿ ಬರುವುದಿಲ್ಲವೆಂದೂ ಅವನೇ ಹೇಳಿದನು. ಅಲ್ಲಿಗೆ ಆ ಆಟವು ನಿಂತಿತು.