ಮೂಳೆಯೊಳಗಿನ ಟೈಟಾನಿಯಂ ನಂಜಾಗುವುದಿಲ್ಲವೇ?

ಪ್ರಶ್ನೆ: ಜಾರಿ ಬಿದ್ದು ತೊಡೆಮೂಳೆ ಮುರಿದುಕೊಂಡ ನಮ್ಮ ಅಮ್ಮನಿಗೆ ಟೈಟಾನಿಯಂ ರಾಡ್ ಹಾಕಿದ್ದಾರೆ. ಜೀವನಪೂರ್ತಿ ಒಳಗೇ ಇದ್ದರೂ ತೊಂದರೆಯಿಲ್ಲವಂತೆ. ಒಂದು ಮುಳ್ಳು ಚುಚ್ಚಿದರೇ ನಂಜಾಗುತ್ತದೆ. ಹಾಗಿರುವಾಗ ಈ ಲೋಹ ದೇಹಕ್ಕೆ ಒಗ್ಗುತ್ತದೆಂದು ಮೊದಲೇ ತಿಳಿಯುವುದು ಹೇಗೆ?

ಉತ್ತರ: ಮುಳ್ಳಿನ ಮಾತು ಎತ್ತಿದ್ದು ಒಳ್ಳೆಯದಾಯಿತು. ಬಹಳ ಜನರ ಗೊಂದಲ ಇರುವುದು ಅಲ್ಲೇ. ಮುಳ್ಳು ಹೆಚ್ಚಾಗಿ ನಂಜಾಗುವುದು ಅದರ ಜೊತೆ ಒಳಹೊಕ್ಕ ರೋಗಾಣುಗಳಿಂದ. ರಾಡಿನ ಮೇಲೆ ರೋಗಾಣು ಇರದಂತೆ ನೋಡಿಕೊಳ್ಳುವುದು ಬೇರೆಯದೇ ಕೆಲಸ. ನೀವು ಕೇಳುತ್ತಿರುವುದು, ರೋಗಾಣು ಒಂದೂ ಇಲ್ಲದಿದ್ದರೂ ಆ ವಸ್ತುವೇ ಕೆಡುಕು ಮಾಡೀತೇ ಎಂದು. ಇದನ್ನು ಪರೀಕ್ಷಿಸುವ ಕ್ರಮವನ್ನು ಐಎಸ್‌ಒ 10993 ಎಂಬ ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ನಮಗೆ ಹತ್ತಿರದ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಇಂಥ ಪರೀಕ್ಷೆಗಳು ನಡೆಯುತ್ತವೆ.

ಮೊದಲ ಹೆಜ್ಜೆ ಕಷಾಯ ಇಳಿಸಿದ ಹಾಗೆ. ಮಾದರಿ ತುಂಡನ್ನು ಪೋಷಕ ದ್ರವದಲ್ಲಿ ಮುಳುಗಿಸಿ, ಮೈಶಾಖಕ್ಕೆ ಸಮನಾದ 37 ಡಿಗ್ರಿಯಲ್ಲಿ 24 ಗಂಟೆ ಅಥವಾ ಇನ್ನೂ ಹೆಚ್ಚು ಹೊತ್ತು ಇಡುತ್ತಾರೆ. ಲೋಹ ಏನನ್ನಾದರೂ ಬಿಡುವಂತಿದ್ದರೆ ಅದು ದ್ರವಕ್ಕೆ ಇಳಿಯುತ್ತದೆ. ಒಂದೊಂದು ಬಟಾಣಿ ಹಿಡಿಸುವಷ್ಟು ಚಿಕ್ಕ 96 ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ ಇಲಿಯ ಜೀವಕೋಶಗಳನ್ನು ಬೆಳೆಸಿ, ಅವುಗಳಿಗೆ ಈ ದ್ರವ ಹಾಕುತ್ತಾರೆ. ಮರುದಿನ ಹಳದಿ ಬಣ್ಣದ ಒಂದು ರಾಸಾಯನಿಕ ಬೆರೆಸುತ್ತಾರೆ. ಬದುಕಿರುವ ಕೋಶ ಅದನ್ನು ನೇರಳೆಗೆ ತಿರುಗಿಸುತ್ತದೆ, ಸತ್ತ ಕೋಶ ತಿರುಗಿಸದು. ಲೋಹ ನೆನೆಸಿದ ದ್ರವ ಹಾಕದ ಗುಳಿಗಳಿಗೆ ಹೋಲಿಸಿದಾಗ ಬದುಕುಳಿದ ಕೋಶಗಳು ಶೇ. 70ಕ್ಕಿಂತ ಕಡಿಮೆಯಾದರೆ ವಸ್ತು ವಿಷಕಾರಿಯಾಗಬಹುದೆಂದು ಲೆಕ್ಕ.

ಅಲರ್ಜಿಯ ಪರೀಕ್ಷೆಯೂ ಮುಗಿದ ಮೇಲೆ ಮೂಳೆಯ ಸರದಿ. ಮೊಲದಂಥ ಪ್ರಾಣಿಯ ಮೂಳೆಯಲ್ಲಿ ಲೋಹದ ತುಂಡನ್ನು ಕೂರಿಸಿ ತಿಂಗಳುಗಟ್ಟಲೆ ಬಿಡುತ್ತಾರೆ. ಪ್ರಾಣಿಯ ಜೀವದ ಪ್ರಶ್ನೆ ಇದು. ಆದ್ದರಿಂದಲೇ ಕೋಶಪರೀಕ್ಷೆ ಮೊದಲು ಬರಬೇಕು. ಆಮೇಲೆ ಲೋಹವಿರುವ ಮೂಳೆಯನ್ನು ರಾಳದಲ್ಲಿ ಹುದುಗಿಸಿ, ವಜ್ರದ ಅಲಗಿನಿಂದ ಕೊಯ್ದು, ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿ, ಬಣ್ಣ ಹಚ್ಚಿ ನೋಡುತ್ತಾರೆ. ಲೋಹ ಕಪ್ಪಗೆ ಕಾಣುತ್ತದೆ. ಅದರ ಅಂಚಿಗೇ ಮೂಳೆ ಬೆಳೆದು ಅಂಟಿದೆಯೇ, ಅಥವಾ ದೇಹ ನಡುವೆ ಮೆತ್ತನೆಯ ನಾರಿನ ಪದರ ಕಟ್ಟಿ ಅದನ್ನು ದೂರವಿಟ್ಟಿದೆಯೇ ಎಂಬುದು ಮುಖ್ಯ.

ಟೈಟಾನಿಯಂಗೆ ಮೂಳೆ ಹೀಗೆ ಅಂಟಿಕೊಳ್ಳುತ್ತದೆಂದು ತಿಳಿದದ್ದೇ ಆಕಸ್ಮಿಕವಾಗಿ. 1952ರಲ್ಲಿ ಸ್ವೀಡನ್ನಿನ ಪರ್-ಇಂಗ್ವಾರ್ ಬ್ರಾನೆಮಾರ್ಕ್ ರಕ್ತದ ಹರಿವು ನೋಡಲು ಮೊಲದ ಕಾಲಿನ ಮೂಳೆಯಲ್ಲಿ ಟೈಟಾನಿಯಂ ಉಪಕರಣ ಕೂರಿಸಿದ್ದರು. ಆಮೇಲೆ ತೆಗೆಯಲು ಹೋದರೆ ಬರಲಿಲ್ಲ! ಮೂಳೆ ಅದನ್ನು ಹಿಡಿದುಕೊಂಡಿತ್ತು. ಗಾಳಿ ತಾಗಿದೊಡನೆ ಈ ಲೋಹದ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆ ಕಟ್ಟುತ್ತದೆ. ಗೀರಿದರೂ ತಕ್ಷಣ ಮತ್ತೆ ಕಟ್ಟುತ್ತದೆ. ದೇಹಕ್ಕೆ ತಾಗುವುದು ಆ ಪೊರೆ.

ಇಷ್ಟು ತಿಳಿದ ಲೋಹಕ್ಕೆ ಮತ್ತೆ ಪರೀಕ್ಷೆ ಏಕೆ ಎನ್ನುತ್ತೀರಾ? ಪರೀಕ್ಷೆ ಲೋಹಕ್ಕಷ್ಟೇ ಅಲ್ಲ, ಅದರಿಂದ ತಯಾರಾದ ವಸ್ತುವಿಗೆ. ಕೊರೆಯುವಾಗ ಬಳಸಿದ ಎಣ್ಣೆ, ತೊಳೆದ ರಾಸಾಯನಿಕ, ಇವುಗಳ ಲವಲೇಶ ಉಳಿದರೂ ಕೋಶ ಸಾಯಬಹುದು. ಮೂಳೆಗೆ ಬಳಸುವುದು ಬಹುಪಾಲು ಮಿಶ್ರಲೋಹ, ಶೇ. 6 ಅಲ್ಯೂಮಿನಿಯಂ, ಶೇ. 4 ವೆನೇಡಿಯಂ ಸೇರಿದ್ದು. ವೆನೇಡಿಯಂ ಬಗೆಗಿನ ಅಳುಕಿನಿಂದಲೇ ಅದರ ಬದಲು ನಯೋಬಿಯಂ ಹಾಕಿದ ಮಿಶ್ರಲೋಹವೂ ಬಂದಿದೆ.

ಒಂದೊಂದು ರಾಡಿಗೂ ಇಷ್ಟೆಲ್ಲ ಮಾಡುವುದಿಲ್ಲ. ಒಂದು ಬಗೆಯ ವಸ್ತುವಿಗೆ, ಅದನ್ನು ತಯಾರಿಸುವ ವಿಧಾನಕ್ಕೆ ಪರೀಕ್ಷೆ ನಡೆಯುತ್ತದೆ. ವಿಧಾನ ಬದಲಾದರೆ ಮತ್ತೆ ಪರಿಶೀಲಿಸಬೇಕು. ನಿಮ್ಮ ಅಮ್ಮನ ಆಪರೇಷನ್ ಕಾಗದಗಳಲ್ಲಿ ರಾಡಿನ ಬ್ಯಾಚ್ ನಂಬರ್ ಇರುವ ಸ್ಟಿಕ್ಕರ್ ಅಂಟಿಸಿದ್ದಾರೆಯೇ ನೋಡಿ. ಇದ್ದರೆ ಜೋಪಾನವಾಗಿಡಿ. ಮುಂದೆ ಯಾವ ಡಾಕ್ಟರ ಬಳಿ ಹೋದರೂ ಒಳಗಿರುವುದು ಯಾವ ಲೋಹವೆಂದು ಅದರಿಂದ ತಿಳಿಯಬಹುದು.