ಹೇಗ್‌ನಲ್ಲಿ ಇಂಟರ್ನ್‌ಶಿಪ್: ಸಂಬಳವಿಲ್ಲದ ಆರು ತಿಂಗಳಿಗೆ ಸಿದ್ಧತೆ ಹೇಗೆ?

ನೆದರ್ಲೆಂಡ್ಸ್‌ನ ಹೇಗ್ ನಗರದಲ್ಲಿರುವ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಕಾನೂನು ಪದವೀಧರರನ್ನೂ ಪದವಿಯ ಕೊನೆಯ ಹಂತದಲ್ಲಿರುವವರನ್ನೂ ಇಂಟರ್ನ್‌ಗಳಾಗಿ ತೆಗೆದುಕೊಳ್ಳುತ್ತದೆ. ಅವಧಿ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು. ಸಂಬಳ ಇಲ್ಲ. ವಿಮಾನದ ಖರ್ಚು, ಮನೆ ಬಾಡಿಗೆ, ಆರೋಗ್ಯ ವಿಮೆ ಎಲ್ಲವೂ ನಿಮ್ಮದೇ. ಆದ್ದರಿಂದ ಅರ್ಜಿಗೆ ಕೈ ಹಾಕುವ ಮೊದಲು ಮನೆಯವರ ಜೊತೆ ಕೂತು ದುಡ್ಡಿನ ಮಾತು ಮುಗಿಸಿಕೊಳ್ಳಿ.

ಲೆಕ್ಕ ಹೀಗೆ ಹಾಕಿ. ಹೇಗ್‌ನಲ್ಲಿ ಬಾಡಿಗೆ ಕೋಣೆ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಬಾಡಿಗೆ, ಊಟ, ಓಡಾಟ ಸೇರಿ ತಿಂಗಳಿಗೆ 1,200 ಯೂರೋಗಿಂತ ಕಡಿಮೆ ಹಿಡಿಯಬೇಡಿ ಎಂಬುದು ನನ್ನ ಸಲಹೆ. ಯೂರೋಗೆ 100 ರೂಪಾಯಿಯಂತೆ ಆರು ತಿಂಗಳಿಗೆ ಏಳು ಲಕ್ಷ ದಾಟುತ್ತದೆ. ವಿಮಾನ, ವಿಮೆ, ವೀಸಾ ಬೇರೆ. ಸಂಜೆ ಹೊತ್ತು ಎಲ್ಲಾದರೂ ಕೆಲಸ ಮಾಡಿ ಸರಿದೂಗಿಸುತ್ತೇನೆ ಎಂದುಕೊಳ್ಳಬೇಡಿ. ಇಂಟರ್ನ್‌ಶಿಪ್ ಪೂರ್ಣಾವಧಿಯದು, ಹೊರಗೆ ದುಡಿಯಲು ಪ್ರತ್ಯೇಕ ಪರವಾನಗಿಯೂ ಬೇಕು. ಬಡ್ಡಿಗೆ ಸಾಲ ಮಾಡಿ ಹೋಗುವುದಂತೂ ಬೇಡವೇ ಬೇಡ. ಇದು ಉದ್ಯೋಗದ ಭರವಸೆ ಕೊಡುವ ತರಬೇತಿಯಲ್ಲ ಎಂದು ನ್ಯಾಯಾಲಯವೇ ಹೇಳುತ್ತದೆ.

ಧನಸಹಾಯ ಇದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ. ಆದರೆ ಇಂಟರ್ನ್‌ಗಳಿಗಾಗಿ ಇರುವ ನಿಧಿ ಮುಖ್ಯವಾಗಿ ಈ ನ್ಯಾಯಾಲಯವನ್ನು ಹುಟ್ಟುಹಾಕಿದ ಒಪ್ಪಂದವಾದ ರೋಮ್ ಶಾಸನಕ್ಕೆ ಸೇರಿದ ಅಭಿವೃದ್ಧಿಶೀಲ ದೇಶಗಳ ಪ್ರಜೆಗಳಿಗೆ ಮೀಸಲು. ಭಾರತ ಅದಕ್ಕೆ ಸೇರಿಲ್ಲ. 1998ರ ಜುಲೈ 17ರಂದು ರೋಮ್‌ನಲ್ಲಿ 120 ದೇಶಗಳು ಶಾಸನದ ಪರ ಮತ ಹಾಕಿದಾಗ ಭಾರತ ತಟಸ್ಥವಾಗಿ ಉಳಿಯಿತು. ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಕೊಟ್ಟ ಅಧಿಕಾರವನ್ನೂ ಪರಮಾಣು ಅಸ್ತ್ರದ ಬಳಕೆಯನ್ನು ಅಪರಾಧಗಳ ಪಟ್ಟಿಯಿಂದ ಹೊರಗಿಟ್ಟಿದ್ದನ್ನೂ ಅದು ಒಪ್ಪಲಿಲ್ಲ. ನಮ್ಮ ವಿದ್ಯಾರ್ಥಿಗಳು ಅರ್ಜಿ ಹಾಕಬಹುದು, ಹಾಕಿದವರು ಆಯ್ಕೆಯೂ ಆಗುತ್ತಾರೆ. ಆದರೆ ನಿಧಿಯ ಬಾಗಿಲು ಮುಚ್ಚಿದಂತೆಯೇ. ಮುಂದೆ ಕಾಯಂ ಹುದ್ದೆಗಳಲ್ಲೂ ಸದಸ್ಯ ದೇಶಗಳವರಿಗೇ ಆದ್ಯತೆ. ನಿರ್ಗತಿಕ ಸಂತ್ರಸ್ತರ ಪರ ನಿಲ್ಲುವ ನ್ಯಾಯಾಲಯವೊಂದು ಯುವಜನರಿಂದ ಪುಕ್ಕಟೆ ದುಡಿಸಿಕೊಳ್ಳುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಕೂಲಿ ಮಾಡಿ ಮಗಳನ್ನು ಲಾ ಓದಿಸಿದ ಮನೆಗೆ ಈ ಅವಕಾಶ ಕಾಗದದ ಮೇಲಷ್ಟೇ ಇರುತ್ತದೆ.

ಯಾವ ನ್ಯಾಯಾಲಯ, ಯಾವ ವಿಭಾಗ?

ಹೇಗ್‌ನಲ್ಲಿ ಎರಡು ದೊಡ್ಡ ನ್ಯಾಯಾಲಯಗಳಿವೆ, ಅರ್ಜಿಯಲ್ಲಿ ಇವೆರಡನ್ನು ಕಲಸಿ ಬರೆದರೆ ಕಥೆ ಅಲ್ಲಿಗೇ ಮುಗಿಯಿತು. ಪೀಸ್ ಪ್ಯಾಲೇಸ್‌ನಲ್ಲಿರುವ ಅಂತರರಾಷ್ಟ್ರೀಯ ನ್ಯಾಯಾಲಯ ದೇಶ ದೇಶಗಳ ನಡುವಿನ ವ್ಯಾಜ್ಯ ನೋಡುತ್ತದೆ. 2019ರಲ್ಲಿ ಕುಲಭೂಷಣ್ ಜಾಧವ್ ಪ್ರಕರಣದ ತೀರ್ಪು ಬಂದದ್ದು ಅಲ್ಲಿಂದ, ಮಂಗಳೂರಿನ ಬೆನಗಲ್ ನರಸಿಂಗ ರಾವ್ 1952ರಲ್ಲಿ ನ್ಯಾಯಾಧೀಶರಾಗಿ ಹೋದದ್ದೂ ಅಲ್ಲಿಗೇ. ಅಪರಾಧ ನ್ಯಾಯಾಲಯ 2002ರ ಜುಲೈ 1ರಿಂದ ಅಸ್ತಿತ್ವದಲ್ಲಿರುವ ಬೇರೆಯೇ ಸಂಸ್ಥೆ. ಅಲ್ಲಿ ಕಟಕಟೆಗೆ ಬರುವವರು ವ್ಯಕ್ತಿಗಳು: ಜನಾಂಗಹತ್ಯೆ, ಮಾನವತೆಯ ವಿರುದ್ಧದ ಅಪರಾಧ, ಯುದ್ಧಾಪರಾಧ, ಆಕ್ರಮಣದ ಅಪರಾಧಗಳ ಆರೋಪಿಗಳು.

ಈ ನ್ಯಾಯಾಲಯದೊಳಗೂ ಕೆಲಸ ಒಂದೇ ಬಗೆಯದಲ್ಲ. ನ್ಯಾಯಾಧೀಶರ ಚೇಂಬರ್‌ಗಳಲ್ಲಿ ಕಾನೂನು ಸಂಶೋಧನೆ, ಟಿಪ್ಪಣಿ ಬರೆಯುವುದು. ಪ್ರಾಸಿಕ್ಯೂಟರ್ ಕಚೇರಿಯಲ್ಲಿ ಸಾಕ್ಷ್ಯದ ರಾಶಿಯನ್ನು ಜರಡಿ ಹಿಡಿಯುವುದು. ರಿಜಿಸ್ಟ್ರಿಯಲ್ಲಿ ಸಂತ್ರಸ್ತರ ಅರ್ಜಿಗಳನ್ನು ನೋಡಿಕೊಳ್ಳುವ ವಿಭಾಗವಿದೆ. ಆರೋಪಿಗಳ ಪರವೂ ಸಂತ್ರಸ್ತರ ಪರವೂ ಕೆಲಸ ಮಾಡುವ ಎರಡು ಪ್ರತ್ಯೇಕ ಸ್ವತಂತ್ರ ಕಚೇರಿಗಳೂ ಇವೆ. ಎಲ್ಲರ ಕಣ್ಣೂ ಪ್ರಾಸಿಕ್ಯೂಟರ್ ಕಚೇರಿಯ ಮೇಲೆ. ವಕೀಲಿಕೆ ಮಾಡುವ ಆಸೆ ಇದ್ದವರು ಪ್ರತಿವಾದಿ ಪರ ಅಥವಾ ಸಂತ್ರಸ್ತರ ಪರ ಕಚೇರಿಗಳ ಪ್ರಕಟಣೆಗಳನ್ನೂ ನೋಡಬೇಕು. ಸಂತ್ರಸ್ತರು ತಮ್ಮದೇ ವಕೀಲರ ಮೂಲಕ ವಿಚಾರಣೆಯಲ್ಲಿ ಪಾಲ್ಗೊಳ್ಳುವುದು ಈ ನ್ಯಾಯಾಲಯದ ವಿಶೇಷ, ಅದನ್ನು ಹತ್ತಿರದಿಂದ ಕಲಿಯಬಹುದಾದದ್ದು ಅಲ್ಲಿ.

ಕಾಗದಪತ್ರಗಳು

ಅರ್ಜಿ ನ್ಯಾಯಾಲಯದ ಅಧಿಕೃತ ಜಾಲತಾಣದ ನೇಮಕಾತಿ ಪುಟದಲ್ಲೇ ಸಲ್ಲಿಕೆಯಾಗಬೇಕು. ಯಾವ ಹಂತದಲ್ಲೂ ಶುಲ್ಕವಿಲ್ಲ. ಸೀಟು ಕೊಡಿಸುತ್ತೇನೆ, ಪ್ರೊಸೆಸಿಂಗ್ ಫೀ ಕಟ್ಟಿ ಎಂದು ಯಾರಾದರೂ ಫೋನ್ ಮಾಡಿದರೆ ಅದು ಮೋಸ. ಇಂಗ್ಲಿಷ್ ಅಥವಾ ಫ್ರೆಂಚ್ ಚೆನ್ನಾಗಿ ಬರಬೇಕು. ಎರಡೂ ಬಂದರೆ ದೊಡ್ಡ ಅನುಕೂಲ.

ಅಂಕಪಟ್ಟಿ, ಅಧಿಕೃತ ಟ್ರಾನ್ಸ್‌ಕ್ರಿಪ್ಟ್, ಪದವಿ ಪ್ರಮಾಣಪತ್ರ, ಎರಡು ಶಿಫಾರಸು ಪತ್ರ, ಆಸಕ್ತಿಯನ್ನು ವಿವರಿಸುವ ಪತ್ರ, ಕಿರುಪ್ರಬಂಧ: ಇವು ಮುಖ್ಯವಾದವು. ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್ ಬರಲು ಕಾಲ ಹಿಡಿಯುತ್ತದೆ, ಪ್ರಕಟಣೆಗೆ ಕಾಯದೆ ಈಗಲೇ ಅರ್ಜಿ ಕೊಟ್ಟಿಡಿ. ಶಿಫಾರಸು ಪತ್ರವನ್ನು ದೊಡ್ಡ ಹೆಸರಿನವರಿಂದ ಪಡೆಯುವುದಕ್ಕಿಂತ ನಿಮ್ಮ ಬರಹ ತಿದ್ದಿದ ಮೇಷ್ಟ್ರಿಂದ ಪಡೆಯಿರಿ. "ನಡತೆ ಉತ್ತಮ, ಶ್ರಮಜೀವಿ" ಎಂಬ ಸಾಲುಗಳಿಂದ ಏನೂ ಪ್ರಯೋಜನವಿಲ್ಲ. ನೀವು ಮಾಡಿದ ಒಂದು ಸಂಶೋಧನೆಯನ್ನು ಹೆಸರಿಸಿ ಬರೆದುಕೊಡಿ ಎಂದು ವಿನಯದಿಂದಲೇ ಕೇಳಿ.

ಹೆಚ್ಚು ಸಮಯ ಕೊಡಬೇಕಾದದ್ದು ಪ್ರಬಂಧಕ್ಕೆ. ಪದಮಿತಿಯನ್ನು ಮೀರಬೇಡಿ. "ವಿಶ್ವಶಾಂತಿಯಲ್ಲಿ ನ್ಯಾಯಾಲಯದ ಪಾತ್ರ" ಎಂಬಂಥ ವಿಷಯ ಬಿಟ್ಟುಬಿಡಿ, ಒಂದೇ ಒಂದು ಕಾನೂನು ಪ್ರಶ್ನೆ ಹಿಡಿಯಿರಿ. ನಮ್ಮ ನೆರೆಯಲ್ಲೇ ಉದಾಹರಣೆ ಇದೆ. ಮ್ಯಾನ್ಮಾರ್ ಸದಸ್ಯ ದೇಶವಲ್ಲ. ಬಾಂಗ್ಲಾದೇಶ ಸದಸ್ಯ ದೇಶ. ರೊಹಿಂಗ್ಯಾ ಜನರನ್ನು ಗಡಿಯಾಚೆ ಓಡಿಸಿದ ಅಪರಾಧದ ಒಂದು ಭಾಗ ಬಾಂಗ್ಲಾ ನೆಲದಲ್ಲಿ ನಡೆದಿರುವುದರಿಂದ ತನಗೆ ಅಧಿಕಾರವ್ಯಾಪ್ತಿ ಇದೆ ಎಂದು ನ್ಯಾಯಾಲಯ 2018ರ ಸೆಪ್ಟೆಂಬರ್‌ನಲ್ಲಿ ಹೇಳಿತು. 2019ರ ನವೆಂಬರ್‌ನಲ್ಲಿ ತನಿಖೆಗೆ ಅನುಮತಿ ಕೊಟ್ಟಿತು. ಈ ತರ್ಕ ಎಲ್ಲಿಯವರೆಗೆ ಸಾಗಬಹುದು ಎಂದು ಪ್ರಶ್ನಿಸಿದರೂ ಪ್ರಬಂಧ ಆಯಿತು. ಬಾಲಸೈನಿಕರ ಬಳಕೆಗಾಗಿ ಥಾಮಸ್ ಲುಬಾಂಗಾಗೆ 2012ರಲ್ಲಿ 14 ವರ್ಷ ಶಿಕ್ಷೆಯಾದ ಪ್ರಕರಣ, ಟಿಂಬಕ್ಟುವಿನ ಗೋರಿಗಳನ್ನು ಕೆಡವಿದ್ದಕ್ಕೆ ಅಲ್ ಮಹ್ದಿಗೆ 2016ರಲ್ಲಿ ಒಂಬತ್ತು ವರ್ಷ ಶಿಕ್ಷೆಯಾದ ಪ್ರಕರಣ ಕೂಡ ಓದಲೇಬೇಕಾದವು. ತೀರ್ಪುಗಳೆಲ್ಲ ನ್ಯಾಯಾಲಯದ 'ಲೀಗಲ್ ಟೂಲ್ಸ್' ಭಂಡಾರದಲ್ಲಿ ಉಚಿತ. ಬೇರೆಯವರು ತೀರ್ಪಿನ ಬಗ್ಗೆ ಬರೆದದ್ದನ್ನು ಓದುವ ಮೊದಲು ತೀರ್ಪನ್ನೇ ಓದಿ. ಸಂದರ್ಶನ ನಡೆದರೆ ಪ್ರಶ್ನೆ ಬರುವುದು ನಿಮ್ಮದೇ ಬರಹದ ಮೇಲೆ.

ಆಯ್ಕೆಯಾದ ಮೇಲೆ

ನ್ಯಾಯಾಲಯದ ಪತ್ರ ಕೈಗೆ ಬಂದ ಮೇಲೆ ವೀಸಾ. ಪತ್ರ ಬರುವ ಮೊದಲು ವಿಮಾನದ ಟಿಕೆಟ್ ಬೇಡ. ಕೋಣೆಗೆ ಹೇಗ್‌ನಲ್ಲೇ ಪಟ್ಟು ಹಿಡಿಯದೆ ಡೆಲ್ಫ್ಟ್, ರೈಸ್‌ವೈಕ್, ಲೈಡನ್ ಕಡೆಯೂ ಹುಡುಕಿ, ರೈಲು, ಟ್ರಾಮ್ ಚೆನ್ನಾಗಿವೆ. ಕೋಣೆ ನೋಡದೆ, ವಿಡಿಯೊ ಕರೆಯಲ್ಲಾದರೂ ಮಾಲೀಕರನ್ನು ಮಾತಾಡಿಸದೆ ಮುಂಗಡ ಕಳಿಸಬೇಡಿ. ಹೇಗ್‌ನಲ್ಲಿ ಸುರಿನಾಮ್ ಮೂಲದ ಹಿಂದೂಸ್ತಾನಿಗಳು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅಲ್ಲಿನ ದೊಡ್ಡ ಸಂತೆಯಲ್ಲಿ ಬೇಳೆ, ಬೆಂಡೆಕಾಯಿ, ಹಸಿಮೆಣಸಿನಕಾಯಿ ಸಿಗುತ್ತದೆ. ಅಡುಗೆ ಕಲಿತು ಹೋದವರಿಗೆ ತಿಂಗಳ ಖರ್ಚು ಗಣನೀಯವಾಗಿ ಇಳಿಯುತ್ತದೆ.

ಅಮೆರಿಕದಲ್ಲಿ ಎಲ್‌ಎಲ್‌ಎಂ ಓದುತ್ತಿರುವ ಅಥವಾ ಗ್ರೀನ್ ಕಾರ್ಡ್ ಇರುವ ನಮ್ಮವರಿಗೆ ಒಂದು ಎಚ್ಚರಿಕೆ: 2025ರ ಫೆಬ್ರವರಿಯಿಂದ ಅಲ್ಲಿನ ಸರ್ಕಾರ ನ್ಯಾಯಾಲಯದ ಅಧಿಕಾರಿಗಳ ಮೇಲೆ ನಿರ್ಬಂಧ ಹೇರಿದೆ. ಅಲ್ಲಿಂದ ಅರ್ಜಿ ಹಾಕುವ ಮೊದಲು ವಕೀಲರ ಸಲಹೆ ಪಡೆಯಿರಿ.

ಹೋಗಲಾಗದಿದ್ದರೆ?

ಕಲಾಪಗಳು ಅರ್ಧ ಗಂಟೆ ತಡವಾಗಿ ಆನ್‌ಲೈನ್‌ನಲ್ಲಿ ಪ್ರಸಾರವಾಗುತ್ತವೆ, ಕಲಬುರಗಿಯಲ್ಲಿ ಕೂತೂ ನೋಡಬಹುದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ, ಸೆಷನ್ಸ್ ಕೋರ್ಟಿನ ಹಿರಿಯ ವಕೀಲರ ಬಳಿ ಕ್ರಿಮಿನಲ್ ಕೆಲಸ ಕಲಿಯಿರಿ. ಪರಿಶಿಷ್ಟ ಜಾತಿ, ಪಂಗಡದ ಪದವೀಧರರಿಗೆ ಈ ತರಬೇತಿಗೆ ಸಮಾಜ ಕಲ್ಯಾಣ ಇಲಾಖೆಗಳ ಶಿಷ್ಯವೇತನವೂ ಇದೆ. ಆ ಅನುಭವ ವ್ಯರ್ಥವಾಗದು. ಹೇಗ್ ನ್ಯಾಯಾಲಯದಲ್ಲಿ ವಾದಿಸಬಲ್ಲ ವಕೀಲರ ಪಟ್ಟಿಗೆ ಸೇರಲು ಸದಸ್ಯ ದೇಶದ ಪ್ರಜೆಯಾಗಿರಬೇಕಿಲ್ಲ. ಸಂಬಂಧಿತ ಕಾನೂನಿನಲ್ಲಿ ಪರಿಣತಿ, ಕ್ರಿಮಿನಲ್ ವಿಚಾರಣೆಗಳಲ್ಲಿ ಹತ್ತು ವರ್ಷಗಳ ಅನುಭವ, ಇಂಗ್ಲಿಷ್ ಅಥವಾ ಫ್ರೆಂಚ್‌ನ ಮೇಲೆ ಹಿಡಿತ ಬೇಕು. ವಕೀಲರಿಗೆ ನೆರವಾಗುವ ಸಹಾಯಕರ ಪಟ್ಟಿಗೆ ಐದು ವರ್ಷ ಸಾಕು. ಕಕ್ಷಿದಾರರು ಬಡವರಾದರೆ ವಕೀಲರ ಶುಲ್ಕವನ್ನು ಕಾನೂನು ನೆರವಿನಡಿ ನ್ಯಾಯಾಲಯವೇ ಕೊಡುತ್ತದೆ.