ಮನೆಯೊಳಗೆ ಬಂದ ಚಲನಚಿತ್ರವೂ ತಾಯಿತಂದೆಗಳ ಕೆಲಸವೂ

ಮಕ್ಕಳಿಗೆ ಸಿನೆಮಾ ತೋರಿಸಬಹುದೋ ತೋರಿಸಬಾರದೋ ಎಂದು ಹಲವು ಮನೆಗಳವರು ನಮ್ಮನ್ನು ಕೇಳುವದುಂಟು. ಈ ಪ್ರಶ್ನೆಯ ಕಾಲವು ಕಳೆದುಹೋಯಿತೆಂದು ನಮಗೆ ತೋರುತ್ತದೆ. ಚಿತ್ರವು ಪೇಟೆಯ ಟಾಕೀಸಿನಲ್ಲಿ ಮಾತ್ರ ಇದ್ದಾಗ ತಂದೆಯು ಕಾಸು ಕೊಟ್ಟರೆ ಮಗನು ಹೋಗುವನು, ಕೊಡದಿದ್ದರೆ ಮನೆಯಲ್ಲಿಯೇ ಉಳಿಯುವನು. ತೀರ್ಮಾನವು ಹಿರಿಯರ ಕೈಯಲ್ಲಿತ್ತು. ಈಗಲಾದರೋ ಬೆಲೇಕೇರಿಯ ಹಂಚಿನ ಮನೆಯಾಗಲಿ ಕಾರವಾರದ ಮಾಳಿಗೆಯ ಮನೆಯಾಗಲಿ, ಅಂಗೈಯಗಲದ ಫೋನಿನೊಳಗೆ ಚಿತ್ರವು ತಾನೇ ಬಂದು ಕೂತಿದೆ. ಆದಕಾರಣ ನಾವು ಕೇಳತಕ್ಕ ಪ್ರಶ್ನೆ ಬೇರೆಯಾಗಿದೆ: ಮಗುವು ಚಿತ್ರ ನೋಡುವಾಗ ಅದರ ಹತ್ತಿರ ಯಾರು ಕೂತಿದ್ದಾರೆ? ನೋಡಿ ಮುಗಿದ ಮೇಲೆ ಅದರ ಸಂಗಡ ಮಾತಾಡುವವರು ಯಾರು?

ನಮ್ಮ ಕರಾವಳಿಯ ಸಂಸಾರಗಳ ದಿನಚರಿಯನ್ನು ಬಲ್ಲವರಿಗೆ ಇದರ ಉತ್ತರವು ಸುಲಭವಲ್ಲವೆಂದು ಗೊತ್ತು. ತಂದೆಯು ಕತ್ತಲಿರುವಾಗಲೇ ಬೈತಖೋಲದ ಬಂದರಿನಿಂದ ದೋಣಿಯೇರುತ್ತಾನೆ. ತಾಯಿಯು ಮೀನಿನ ಬುಟ್ಟಿಯೊಡನೆ ಪೇಟೆಗೆ ಹೊರಡುತ್ತಾಳೆ. ಅಂಕೋಲೆಯ ಗದ್ದೆಯ ಕಡೆಯವರಾದರೆ ನೆಟ್ಟಿ, ಕೊಯ್ಲು, ಕಾಯಿಪಲ್ಲೆಯ ಮಾರಾಟ. ಅಜ್ಜಿಯ ಮಡಿಲಲ್ಲಿ ಕೂಸು, ಕೂಸಿನ ಕೈಯಲ್ಲಿ ಫೋನು! ಅದನ್ನು ಕಸಕೊಂಡರೆ ಗಂಜಿಯ ತುತ್ತು ಬಾಯೊಳಗೆ ಇಳಿಯದು. ಇಂಥ ತಾಯಿಯನ್ನು ಗದರಿಸುವದಕ್ಕೆ ನಮಗೆ ಮನಸ್ಸಿಲ್ಲ. ಮಕ್ಕಳ ಕೈಗೆ ಫೋನು ಕೊಡಲೇಬಾರದೆಂದು ದೊಡ್ಡ ಪಟ್ಟಣಗಳಿಂದ ಉಪದೇಶ ಬರೆಯುವವರಲ್ಲಿ ಮೀನಿನ ಬುಟ್ಟಿ ಹೊತ್ತವರು ಎಷ್ಟು ಮಂದಿಯೋ.

ಆದರೂ ವರುಷದಲ್ಲಿ ಒಂದು ಕಾಲವುಂಟು. ಜೂನ್ 1ರಿಂದ ಜುಲೈ 31ರ ವರೆಗೆ, ಅಂದರೆ 61 ದಿವಸ, ಯಂತ್ರದ ದೋಣಿಗಳು ಕಡಲಿಗಿಳಿಯಬಾರದೆಂಬ ನಿಯಮವಿದೆ. ಅದು ಮೀನು ಮರಿಹಾಕುವ ಕಾಲ. ಆಗ ತಂದೆಯು ಮನೆಯಲ್ಲಿರುತ್ತಾನೆ. ಮಳೆಯು ಹೆಚ್ಚಾದ ದಿವಸ ಶಾಲೆಗೂ ರಜೆ. ಕೈಯಲ್ಲಿ ಕಾಸಿಲ್ಲ, ಮನಸ್ಸಿನಲ್ಲಿ ಸಾಲದ ಚಿಂತೆ, ಒಂದೇ ಕೋಣೆಯಲ್ಲಿ ಐದಾರು ಜನ. ಸಿಡುಕು ಹುಟ್ಟುವದಕ್ಕೆ ಇಷ್ಟು ಸಾಕು. ಹಾಗಾದರೂ ತಂದೆಮಕ್ಕಳು ಒಂದೇ ಮಾಡಿನ ಕೆಳಗೆ ಕೂಡಿ ಬಾಳುವ ತಿಂಗಳುಗಳು ಇವೇ. ಈ ದಿವಸಗಳಲ್ಲಿಯೂ ನಾಲ್ವರು ನಾಲ್ಕು ಮೂಲೆಗಳಲ್ಲಿ ನಾಲ್ಕು ಚಿತ್ರಗಳನ್ನು ನೋಡುತ್ತಾ ಕೂತರೆ, ತಂದೆಯು ಮನೆಯಲ್ಲಿದ್ದೂ ಕಡಲಿನಲ್ಲಿದ್ದಂತೆಯೇ ಆಯಿತು.

ಸಿನೆಮಾ ಎಂಬದು ಮೊದಲಿನಿಂದ ಹೀಗೆ ಒಂಟಿಯಾಗಿ ನೋಡುವ ವಸ್ತುವಾಗಿರಲಿಲ್ಲ. ನಮ್ಮ ದೇಶದ ಮೊದಲನೆಯ ಪೂರ್ಣ ಕಥಾಚಿತ್ರವಾದ ‘ರಾಜಾ ಹರಿಶ್ಚಂದ್ರ’ವು 1913ನೇ ಮೇ 3ರಂದು ಮುಂಬಯಿಯಲ್ಲಿ ಪ್ರದರ್ಶಿತವಾಯಿತು. ಅದನ್ನು ಮಾಡಿದ ದಾದಾಸಾಹೇಬ ಫಾಳಕೆಯವರು ಯೇಸುವಿನ ಚರಿತ್ರೆಯ ಮೂಕಚಿತ್ರವೊಂದನ್ನು ನೋಡಿ, ನಮ್ಮ ದೇಶದ ಕಥೆಗಳನ್ನೂ ಹೀಗೆ ತೋರಿಸಲಾಗದೇ ಎಂಬ ಆಲೋಚನೆಗೆ ಬಂದವರು. ಹರಿಶ್ಚಂದ್ರನ ಮಗನಾಗಿ ಅಭಿನಯಿಸಿದವನು ಅವರ ಸ್ವಂತ ಮಗನಾದ ಭಾಲಚಂದ್ರ. ಚಿತ್ರದ ಕೆಲಸದವರಿಗೆಲ್ಲ ಅಡಿಗೆ ಮಾಡಿ ಹಾಕಿ, ಫಿಲ್ಮಿನ ಕೆಲಸಕ್ಕೂ ಕೈಜೋಡಿಸಿದವರು ಅವರ ಪತ್ನಿ ಸರಸ್ವತಿಬಾಯಿ. 1919ರ ‘ಕಾಲಿಯಾ ಮರ್ದನ’ದಲ್ಲಿ ಬಾಲಕೃಷ್ಣನಾದವಳು ಮಗಳು ಮಂದಾಕಿನಿ. ಒಂದು ಮನೆಯ ಅಡಿಗೆಯ ಒಲೆಯ ಪಕ್ಕದಲ್ಲಿ ಹುಟ್ಟಿದ ಕಲೆಯು ಇಂದು ಮನೆಯವರನ್ನು ಮೂಲೆಮೂಲೆಗೆ ಚದರಿಸಿರುವದು ವಿಚಿತ್ರವಲ್ಲವೇ? ಕನ್ನಡದ ಮೊದಲನೆಯ ಮಾತಿನ ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ಬಂತು. ಅಂದಿನಿಂದ ಬಹು ಕಾಲದ ವರೆಗೆ ಸಿನೆಮಾಕ್ಕೆ ಹೋಗುವದೆಂದರೆ ಮನೆಮಂದಿಯೆಲ್ಲ ಹೊರಡುವದೆಂದೇ ಅರ್ಥವಾಗಿತ್ತು. ಮರಳಿ ಬರುವ ದಾರಿಯಲ್ಲಿ ಕಥೆಯ ಚರ್ಚೆಯು ನಡೆಯುತ್ತಿತ್ತು. ನಮ್ಮ ಅಭಿಪ್ರಾಯದಲ್ಲಿ ಆ ದಾರಿಯ ಮಾತೇ ಚಿತ್ರಕ್ಕಿಂತ ಬೆಲೆಯುಳ್ಳದ್ದು.

ಸರಕಾರವು ನೋಡಿಕೊಳ್ಳುವದಿಲ್ಲವೇ ಎಂದು ಕೆಲವರು ಕೇಳಬಹುದು. ಸ್ವಲ್ಪ ಮಟ್ಟಿಗೆ ನೋಡಿಕೊಳ್ಳುತ್ತದೆ. ಟಾಕೀಸಿನ ಪ್ರತಿಯೊಂದು ಚಿತ್ರಕ್ಕೆ ಪ್ರಮಾಣಪತ್ರವುಂಟು: ‘ಯು’ ಎಂದರೆ ಎಲ್ಲರಿಗೂ, ‘ಎ’ ಎಂದರೆ 18 ವರುಷ ತುಂಬಿದವರಿಗೆ ಮಾತ್ರ. ನಡುವಣ ‘ಯು/ಎ’ ಎಂಬದನ್ನು 2024ರ ಹೊಸ ನಿಯಮಗಳು 7, 13, 16 ಎಂಬ ಮೂರು ವಯಸ್ಸುಗಳಾಗಿ ವಿಂಗಡಿಸಿವೆ. ಆದರೆ ಒಂದು ಸಂಗತಿಯನ್ನು ಗಮನಿಸಿರಿ. ಈ ಮೂರು ಸಂಖ್ಯೆಗಳು ಬಾಗಿಲಲ್ಲಿ ಹುಡುಗನನ್ನು ತಡೆಯುವದಕ್ಕೆ ಬರೆದವುಗಳಲ್ಲ. ಇಂಥ ವಯಸ್ಸಿಗಿಂತ ಚಿಕ್ಕವರಿಗೆ ತೋರಿಸಬೇಕೋ ಬೇಡವೋ ಎಂಬದನ್ನು ನೀವೇ ಆಲೋಚಿಸಿರಿ ಎಂದು ತಾಯಿತಂದೆಗಳಿಗೆ ಬರೆದವುಗಳು. ಕಾಯಿದೆಯು ಕಡೆಗೆ ನಮ್ಮ ಮುಖವನ್ನೇ ನೋಡುತ್ತದೆ. ಅಂತರಜಾಲದಲ್ಲಿ ಚಿತ್ರ ತೋರಿಸುವ ಕಂಪೆನಿಗಳು ಸಹ ವಯಸ್ಸಿನ ಗುರುತು ಹಾಕಬೇಕು, 13ಕ್ಕೆ ಮೇಲ್ಪಟ್ಟ ಗುರುತುಳ್ಳವುಗಳಿಗೆ ತಾಯಿತಂದೆಗಳು ಬೀಗ ಹಾಕುವ ಉಪಾಯವನ್ನು ಒದಗಿಸಬೇಕು ಎಂದು 2021ರ ನಿಯಮಗಳಲ್ಲಿದೆ. ನಾಲ್ಕಂಕಿಯ ಗುಟ್ಟಿನ ಸಂಖ್ಯೆಯೇ ಆ ಬೀಗ. ಅನೇಕ ಮನೆಗಳಲ್ಲಿ ಆ ಸಂಖ್ಯೆಯನ್ನು ಹಾಕಿಕೊಟ್ಟವನು ಹನ್ನೆರಡು ವರುಷದ ಮಗನೇ ಆಗಿರುವದರಿಂದ ಬೀಗವಿದ್ದೂ ಕೀಲಿಕೈ ಅವನಲ್ಲಿಯೇ ಇದೆ. ಇನ್ನು ಯಾರ್ಯಾರೋ ಕತ್ತರಿಸಿ ಹಂಚುವ ಅರ್ಧ ನಿಮಿಷದ ತುಣುಕುಗಳಿಗಂತೂ ಇಂಥ ಪ್ರಮಾಣಪತ್ರವೇ ಇಲ್ಲ.

ಹಾಗಾದರೆ ಮಾಡತಕ್ಕದ್ದೇನು? ವಾರಕ್ಕೆ ಒಂದು ಸಂಜೆ ಮನೆಯವರೆಲ್ಲರೂ ಕೂಡಿ ಒಂದೇ ಚಿತ್ರವನ್ನು ನೋಡಿರಿ. ಆ ಮೇಲೆ ಊಟಕ್ಕೆ ಕೂತು ಅದರ ವಿಷಯ ಮಾತಾಡಿರಿ. ಉಪದೇಶ ಬೇಡ, ಪ್ರಶ್ನೆಯು ಸಾಕು. 1972ರ ‘ಬಂಗಾರದ ಮನುಷ್ಯ’ವನ್ನು ನೋಡಿದಿರೆಂದು ಇಟ್ಟುಕೊಳ್ಳೋಣ. ಭಾವನು ತೀರಿಹೋಗಲು ರಾಜೀವನು ಅಕ್ಕನ ಸಂಸಾರವನ್ನು ಹೊತ್ತು, ಬರಡು ನೆಲವನ್ನು ಹಸನು ಮಾಡಿ, ಅವಳ ಮಕ್ಕಳನ್ನು ಮೇಲಕ್ಕೆ ತರುತ್ತಾನೆ. ಕಡೆಗೆ ಆ ಅಕ್ಕನ ಮಗನೇ ಅವನನ್ನು ಸಂಶಯಪಟ್ಟು ಕಟುವಾಗಿ ಆಡುತ್ತಾನೆ. ರಾಜೀವನು ಎದುರಾಡದೆ ಮನೆಯನ್ನು ಬಿಟ್ಟು ಹೊರಟುಹೋಗುತ್ತಾನೆ. ಅವನು ಹೋದದ್ದು ಸರಿಯೋ? ನೀನಾಗಿದ್ದರೆ ನಿಂತು ಉತ್ತರ ಕೊಡುತ್ತಿದ್ದೆಯೋ? ಈ ಪ್ರಶ್ನೆಗೆ ನಮ್ಮ ಮನೆಯಲ್ಲಿ ಹಿರಿಯವನು ಒಂದು ಹೇಳಿದನು, ಮಗಳು ಇನ್ನೊಂದು ಹೇಳಿದಳು, ಅವರ ಅಜ್ಜಿಯು ಎರಡನ್ನೂ ಒಪ್ಪಲಿಲ್ಲ. ಆಸ್ತಿಯ ಪಾಲಿನ ಮಾತು ಬಂದಾಗ ಅಣ್ಣತಮ್ಮಂದಿರು ಹೇಗಿರಬೇಕೆಂಬದನ್ನು ನಾವು ಬೇರೆ ಹೇಳಬೇಕಾಗಲಿಲ್ಲ.

1994ರ ‘ಕೊಟ್ರೇಶಿ ಕನಸು’ ಕುಂ. ವೀರಭದ್ರಪ್ಪನವರ ಕಥೆಯಿಂದ ನಾಗತಿಹಳ್ಳಿ ಚಂದ್ರಶೇಖರರು ಮಾಡಿದ ಚಿತ್ರ. ದಲಿತ ಹುಡುಗನ ಓದಿನ ಆಸೆಗೆ ಊರಿನ ಜಾತಿಭೇದವು ಅಡ್ಡ ಬರುವ ಸಂಗತಿ ಅದರಲ್ಲಿದೆ. ಅದನ್ನು ನೋಡಿದ ರಾತ್ರಿ ಮಕ್ಕಳಿಗೆ ನಮ್ಮ ಹಿರಿಯರು ಯಾವ ಬಾವಿಯ ನೀರನ್ನು ಮುಟ್ಟಬಾರದಾಗಿತ್ತು, ಯಾವ ಶಾಲೆಯ ಜಗುಲಿಯಲ್ಲಿ ಕೂತರು ಎಂಬದನ್ನು ಹೇಳಿರಿ. ಹಳೆಯ ಮಾತೆಂದು ಅದನ್ನು ಮುಚ್ಚಿಡುವ ಮನೆಗಳುಂಟು. ಮುಚ್ಚಿಡುವದು ನಮಗೆ ಸರಿದೋರದು. ಚಿಕ್ಕ ಮಕ್ಕಳಿಗೆ 1993ರ ‘ಚಿನ್ನಾರಿ ಮುತ್ತ’ ಆದೀತು.

ಕುಡಿತದ ದೃಶ್ಯಗಳ ವಿಷಯದಲ್ಲಿ ಮಾತ್ರ ನಾವು ಕಠಿಣರಾಗಿದ್ದೇವೆ. ಕಥಾನಾಯಕನು ಸೀಸೆಯೆತ್ತುವಾಗ ಪಟದ ಕೆಳಗೆ ಎಚ್ಚರಿಕೆಯ ಅಕ್ಷರಗಳು ಬರುತ್ತವೆ. ಮಗುವು ನೋಡುವದು ನಾಯಕನ ಮುಖವನ್ನೇ ಹೊರತು ಅಕ್ಷರಗಳನ್ನಲ್ಲ. ಆಗ ಚಿತ್ರವನ್ನು ಕ್ಷಣಕಾಲ ನಿಲ್ಲಿಸಿ, ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರ ವಿಷಯವನ್ನು ಹೇಳಿರಿ. ಹಾಲಕ್ಕಿ ಜನರ ಸಾವಿರಾರು ಹಾಡುಗಳನ್ನು ಬಾಯಲ್ಲಿಟ್ಟುಕೊಂಡಿದ್ದ ಆ ತಾಯಿಗೆ 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ಅವರು ತೀರಿಹೋದರು. ಮದ್ಯದಿಂದ ಸ್ವಂತ ಮನೆಯಲ್ಲಿಯೇ ದುಃಖವುಂಡ ಅವರು ಊರ ಹೆಂಗಸರನ್ನು ಕೂಡಿಸಿಕೊಂಡು ಸಾರಾಯಿಗೆ ಎದುರಾಗಿ ನಿಂತರು. ಪಟದ ನಾಯಕನ ಸೀಸೆಯು ಬರಿಯ ಬಣ್ಣದ ನೀರಾಗಿರಬಹುದು, ನಮ್ಮ ಕೇರಿಯದು ಹಾಗಲ್ಲ.

ಇನ್ನೊಂದು ಸಂಗತಿಯುಂಟು, ಅದು ನಮ್ಮನ್ನು ಹೆಚ್ಚಾಗಿ ಕಾಡುತ್ತದೆ. 2024ನೇ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡವು ಕುಸಿದು, ಹೆದ್ದಾರಿಯಲ್ಲಿದ್ದವರನ್ನೂ ಚಹದಂಗಡಿಯಲ್ಲಿದ್ದವರನ್ನೂ ಮಣ್ಣು ನುಂಗಿತು. ಗಂಗಾವಳಿಯೊಳಗೆ ಬಿದ್ದ ಲಾರಿಯು ಸಿಕ್ಕಿದ್ದು ಸೆಪ್ಟೆಂಬರಿನಲ್ಲಿ. ಮೂರು ವಾರಗಳಾದ ಬಳಿಕ, ಆಗಸ್ಟ್ 7ರಂದು, ಕಾರವಾರದ ಕಾಳಿ ನದಿಯ ಹಳೆಯ ಸೇತುವೆಯು ಮುರಿದುಬಿತ್ತು. ಆ ದಿವಸಗಳಲ್ಲಿ ಈ ದೃಶ್ಯಗಳು ಪ್ರತಿಯೊಂದು ಫೋನಿನಲ್ಲಿ ಹತ್ತು ಹತ್ತು ಸಾರಿ ಓಡಿದವು. ಅದರ ಹಿಂದುಮುಂದಾಗಿ ಸಿನೆಮಾದ ಗುಡ್ಡಗಳೂ ಸಿನೆಮಾದ ಸೇತುವೆಗಳೂ ಅದೇ ಫೋನಿನಲ್ಲಿ ಅದೇ ಬಗೆಯಲ್ಲಿ ಬೀಳುತ್ತಿದ್ದವು. ನಮ್ಮ ಮನೆಯ ಕಿರಿಯ ಕೂಸು, “ಅಪ್ಪಾ, ಇದು ಸಿನೆಮಾವೋ, ನಮ್ಮ ಶಿರೂರೋ?” ಎಂದು ಕೇಳಿತು. ಸಿನೆಮಾವೆಂದರೆ ನಗುವದಕ್ಕೂ ಶಿರೂರೆಂದರೆ ಅಳುವದಕ್ಕೂ ಅದು ಸಿದ್ಧವಾಗಿತ್ತು. ಯಾವದೆಂದು ಯಾರಾದರೂ ಹೇಳಬೇಕಾಗಿತ್ತು. ನಾವು ಫೋನನ್ನು ಮುಚ್ಚಿಟ್ಟು, ಇದು ನಮ್ಮ ಶಿರೂರೇ, ಆ ಮಣ್ಣಿನಡಿಯಲ್ಲಿ ನಮ್ಮಂಥ ಮನೆಯವರೇ ಇದ್ದರು ಎಂದು ಹೇಳಿದೆವು. ಕೂಸು ಬಹಳ ಹೊತ್ತು ಸುಮ್ಮನಿತ್ತು. ಆ ಮೇಲೆ, ನಮ್ಮ ಮನೆಯ ಹಿಂದಣ ಗುಡ್ಡವನ್ನು ನಾಳೆ ಬೆಳಿಗ್ಗೆ ಹೋಗಿ ನೋಡೋಣವೇ ಎಂದಿತು. ಮಳೆ ಬಿಟ್ಟ ಮೇಲೆ ದೂರದಿಂದ ನೋಡೋಣವೆಂದು ಒಪ್ಪಿಕೊಂಡೆವು.